ತೂಕದಲ್ಲಿ ನೀರು, ಒಲೆಯಲ್ಲಿ ಹೊಗೆ

ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳಲ್ಲಿ ಹಿತ್ತಲ ಕಟ್ಟಿಗೆಗೆ ಕಾವಲು ಬೇಕಾಗುತ್ತದೆ. ಕಾಮಣ್ಣನನ್ನು ಸುಡಲು ಓಣಿಯ ಹುಡುಗರು ಕಟ್ಟಿಗೆ, ಕುಳ್ಳು ಕದಿಯುವುದು ಇಲ್ಲಿ ಕಳ್ಳತನದ ಲೆಕ್ಕಕ್ಕೆ ಬರುವುದಿಲ್ಲ. ಸಿಕ್ಕಿಬಿದ್ದು ಬೈಸಿಕೊಳ್ಳುವುದೂ ಹಬ್ಬದ ಭಾಗವೇ. ಈ ಕಳ್ಳರ ಆಯ್ಕೆಯನ್ನು ಗಮನಿಸಬೇಕು. ಕತ್ತಲಲ್ಲಿ, ಅವಸರದಲ್ಲಿ ಕೈಯಾಡಿಸಿ ಅವರು ಎತ್ತುವುದು ಒಣಗಿದ ತುಂಡನ್ನೇ. ಹೋದ ವಾರ ಕಡಿದು ತಂದದ್ದು ಗೋಡೆಗೆ ಆನಿಸಿದಲ್ಲೇ ಉಳಿಯುತ್ತದೆ. ಎತ್ತಿದ ಕೂಡಲೇ ಕೈಗೆ ಭಾರ ಹತ್ತುತ್ತದೆ, ಇದು ಹೊತ್ತಿಕೊಳ್ಳುವ ಮಾಲಲ್ಲ ಎಂದು ಗೊತ್ತಾಗುತ್ತದೆ.

ಕಲಘಟಗಿ, ಅಳ್ನಾವರದ ಕಡೆಯ ಕಾಡಂಚಿನಲ್ಲಿ ತಲೆಹೊರೆ ಕಟ್ಟುವ ಹೆಂಗಸರದೂ ಇದೇ ವಿವೇಕ. ಬಿದ್ದು ಒಣಗಿದ ಟೊಂಗೆಗಳನ್ನೇ ಆರಿಸುತ್ತಾರೆ. ಹಸಿ ಮರ ಕಡಿದರೆ ಅರಣ್ಯ ಇಲಾಖೆಯ ಭಯವಿದೆ, ನಿಜ. ಆದರೆ ಅದಕ್ಕಿಂತ ಹಳೆಯ ಕಾರಣ ಕುತ್ತಿಗೆಯದು. ನಾಲ್ಕಾರು ಮೈಲಿ ಹೊರುವವರು ನೀರನ್ನು ಯಾಕೆ ಹೊತ್ತಾರು?

ಇದೇ ಕಟ್ಟಿಗೆ ಊರೊಳಗಿನ ಅಡ್ಡೆಗೆ ಬಂದು ತೂಕದ ಕಲ್ಲಿಗೆ ಎದುರಾದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಹೊರುವವರಿಗೆ ಭಾರವಾಗಿದ್ದ ನೀರು ಮಾರುವವರಿಗೆ ಲಾಭ. ಈಗ ಅಡುಗೆಗೆ ಗ್ಯಾಸ್ ಬಂದಿದೆ. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯಿಂದ ಹಳ್ಳಿಯ ಮನೆಗಳಿಗೂ ಸಿಲಿಂಡರ್ ಮುಟ್ಟಿದೆ. ಆದರೂ ಬಚ್ಚಲ ಹಂಡೆಗೆ, ತಾಮ್ರದ ಬಂಬಿಗೆ, ಖಾನಾವಳಿಯ ರೊಟ್ಟಿ ಒಲೆಗೆ, ಮದುವೆಯ ಭಟ್ಟಿಗೆ ಕಟ್ಟಿಗೆ ಬೇಕೇ ಬೇಕು. ಅಡ್ಡೆಯಲ್ಲಿ ನಡೆಯುವ ಮಾತೂ ಬದಲಾಗಿಲ್ಲ.

“ಯಜಮಾನ್ರ, ಇದು ಹಸೀ ಅದ ಅಲ್ರೀ?”

“ಹಸೀ ಎಲ್ಲೈತ್ರಿ ಅಕ್ಕಾರ, ಕಡದು ಎರಡು ವಾರ ಆತು. ಬಿಸಲಾಗ ಒಗದಬಿಡ್ರಿ, ನಾಕ ದಿನದಾಗ ಬೆಂಕಿ ಆಗತೈತಿ.”

ಆ ನಾಲ್ಕು ದಿನದ ಭರವಸೆಯನ್ನು ಮುಂದೆ ನೋಡೋಣ. ಮೊದಲು ತೂಕ. ಆಗತಾನೆ ಕಡಿದ ನೀಲಗಿರಿಯಲ್ಲಿ ತೂಕದ ಅರ್ಧಕ್ಕೆ ಹತ್ತಿರ ಹತ್ತಿರ ನೀರೇ ಇರುತ್ತದೆ. 100 ಕಿಲೋದಲ್ಲಿ 45 ಕಿಲೋ ನೀರು, 55 ಕಿಲೋ ಮರ ಎಂದಿಟ್ಟುಕೊಳ್ಳಿ. ಇದೇ ರಾಶಿ ಚೆನ್ನಾಗಿ ಒಣಗಿದ ಮೇಲೆ ಸುಮಾರು 62 ಕಿಲೋ ತೂಗುತ್ತದೆ. ಉಳಿದ 38 ಕಿಲೋಗೆ ಕೊಟ್ಟ ದುಡ್ಡು ಆವಿಯಾಗಿ ಹೋಯಿತು. ಅಮೆರಿಕದಲ್ಲಿ, ಯುರೋಪಿನ ಚಳಿ ದೇಶಗಳಲ್ಲಿ ಸೌದೆಯನ್ನು ಹೆಚ್ಚಾಗಿ ಒಟ್ಟಿದ ರಾಶಿಯ ಅಳತೆಯ ಮೇಲೆ ಮಾರುತ್ತಾರೆ. ಅಮೆರಿಕದ ಒಂದು ‘ಕಾರ್ಡ್’ ಎಂದರೆ 128 ಘನ ಅಡಿ. ಅಲ್ಲಿ ನೀರಿಗೆ ಬೆಲೆಯಿಲ್ಲ, ಜಾಗಕ್ಕೆ ಬೆಲೆ. ನಮ್ಮಲ್ಲೂ ಚಕ್ಕಡಿ ಲೆಕ್ಕದಲ್ಲಿ ಕೊಳ್ಳುತ್ತಿದ್ದ ಕಾಲದಲ್ಲಿ ಹಾಗೇ ಇತ್ತು. ತಕ್ಕಡಿ ಹೆಚ್ಚು ಪ್ರಾಮಾಣಿಕ ಎಂದು ನಾವು ನಂಬಿದ್ದೇವೆ. ಕಟ್ಟಿಗೆಯ ಮಟ್ಟಿಗೆ ಆ ನಂಬಿಕೆ ದುಬಾರಿಯದು.

ಇನ್ನು ಉರಿಸುವ ಲೆಕ್ಕ. ಪೂರ್ತಿ ಒಣಗಿದ ಒಂದು ಕಿಲೋ ಮರ ಸುಮಾರು 4,500 ಕಿಲೋಕ್ಯಾಲರಿ ಶಾಖ ಕೊಡುತ್ತದೆ. ನಮ್ಮ 55 ಕಿಲೋದಿಂದ 2,47,500 ಬರಬೇಕು. ಒಂದು ಕಿಲೋ ನೀರನ್ನು 30 ಡಿಗ್ರಿಯಿಂದ ಕುದಿಸಿ ಆವಿ ಮಾಡಲು ಬೇಕಾದದ್ದು ಸುಮಾರು 610 ಕಿಲೋಕ್ಯಾಲರಿ. 45 ಕಿಲೋಗೆ 27,450. ಅಂದರೆ ನೀರು ತಿಂದುಹಾಕಿದ್ದು ನೂರಕ್ಕೆ 11 ಪಾಲು ಮಾತ್ರ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಹಸಿ ಕಟ್ಟಿಗೆಯಲ್ಲಿ ಹಂಡೆ ಕಾಯಿಸಿದ ಯಾರನ್ನೇ ಕೇಳಿ, ನಷ್ಟ ನೂರಕ್ಕೆ 11 ಎಂದರೆ ನಗುತ್ತಾರೆ. ಊದಗೊಳವೆ ಊದಿ ಊದಿ ಕಣ್ಣು ಕೆಂಪಾದರೂ ನೀರು ಉಗುರುಬೆಚ್ಚಗಿನ ಆಚೆ ಹೋಗುವುದಿಲ್ಲ. ಉಳಿದ ಶಾಖ ಎಲ್ಲಿ ಹೋಯಿತು?

ಹೊಗೆಯಲ್ಲಿ ಹೋಯಿತು. ಕಟ್ಟಿಗೆ ಉರಿಯುತ್ತದೆ ಎಂದು ನಾವು ಹೇಳುವಾಗ ನಿಜವಾಗಿ ಉರಿಯುವುದು ಬಹುಪಾಲು ಕಟ್ಟಿಗೆಯಿಂದ ಹೊರಬಿದ್ದ ಅನಿಲ. ಒಣ ಮರದ ತೂಕದಲ್ಲಿ ಮುಕ್ಕಾಲು ಭಾಗ, ಅದಕ್ಕೂ ತುಸು ಹೆಚ್ಚೇ, ಬಿಸಿ ತಾಗಿದಾಗ ಅನಿಲವಾಗಿ, ಟಾರಿನ ಹನಿಗಳಾಗಿ ಹೊರಡುತ್ತದೆ. ಹಿಂದೆ ಉಳಿಯುವುದು ಇದ್ದಿಲು. ಮರ ಹೀಗೆ ಒಡೆಯತೊಡಗುವುದು 200 ಡಿಗ್ರಿ ದಾಟಿದ ಮೇಲೆ, ಜೋರಾಗುವುದು 300ರ ಆಸುಪಾಸಿನಲ್ಲಿ. ಹೊರಬಂದ ಅನಿಲ ಪೂರ್ತಿ ಉರಿಯಬೇಕಾದರೆ ಒಲೆಯ ಬಾಯಲ್ಲಿ 600 ಡಿಗ್ರಿಗಿಂತ ಹೆಚ್ಚಿನ ಕಾವಿರಬೇಕು, ಗಾಳಿಯೂ ಬೆರೆಯಬೇಕು. ಮರದೊಳಗೆ ನೀರಿರುವವರೆಗೆ ಆ ಭಾಗ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಹೊರಸಿಪ್ಪೆ ಅನಿಲ ಬಿಡುತ್ತಿದ್ದರೂ ಒಳಗಿನ ಆವಿ ಅದರೊಡನೆ ಬೆರೆತು ತೆಳುಮಾಡುತ್ತದೆ, ತಣ್ಣಗಾಗಿಸುತ್ತದೆ. ಉರಿಯುವ ಕಾವು ಮುಟ್ಟದ ಅನಿಲ ಹಾಗೇ ಮೇಲೆ ಹೊರಟುಹೋಗುತ್ತದೆ. ಬಚ್ಚಲಿನಲ್ಲಿ ತುಂಬಿಕೊಳ್ಳುವ ಆ ದಟ್ಟ ಬಿಳಿ ಹೊಗೆ ಉರಿಯದೇ ತಪ್ಪಿಸಿಕೊಂಡ ಇಂಧನ, ದುಡ್ಡು ಕೊಟ್ಟು ತಂದ ಕಟ್ಟಿಗೆಯ ಉತ್ತಮ ಪಾಲು.

ಗುರುತು ಹಂಡೆಯ ತಳದಲ್ಲಿ ಸಿಗುತ್ತದೆ. ಒಣ ಕಟ್ಟಿಗೆಯಲ್ಲಿ ಕಾದ ಹಂಡೆಯ ಮಸಿ ಪುಡಿಪುಡಿ, ಬೆರಳಿನಿಂದ ಒರೆಸಿದರೆ ಬರುತ್ತದೆ. ಹಸಿಯದು ಕಂದು ಛಾಯೆಯ, ಹೊಳಪಿನ, ಅಂಟು ಮಸಿ. ಕೆರೆಯಲು ಉಳಿ ಬೇಕು. ಅದು ಟಾರು. ಬಂಬಿನ ನಡುವಿನ ಹೊಗೆ ಕೊಳವೆಯೊಳಗೆ ಇದು ಪದರ ಕಟ್ಟಿದರೆ ಕಾವು ನೀರಿಗೆ ದಾಟುವುದು ಇನ್ನೂ ಕಡಿಮೆಯಾಗುತ್ತದೆ, ಮರುದಿನ ಮತ್ತಷ್ಟು ಕಟ್ಟಿಗೆ ಬೇಕು. ಹೊಗೆಯ ಉಳಿದ ಪಾಲು ಒಲೆಯ ಮುಂದೆ ಕೂತವರ ಎದೆಗೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಈ ಹೊಗೆಯನ್ನೇ ಎದುರಿಸಲು ಹೊರಟಿತು. ಕೆಳಗೆ ಜಾಲರಿ, ಮೇಲೆ ಮೂರು ಪಾತ್ರೆಗೆ ಜಾಗ, ಹಿಂದೆ ಚಿಮಣಿ ಇದ್ದ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಹಳ್ಳಿಗಳಿಗೆ ಹೋಯಿತು. ಒಳ್ಳೆಯ ಒಲೆ. ಆದರೆ ಯಾವ ಒಲೆಯೂ ಹಸಿ ಕಟ್ಟಿಗೆಯನ್ನು ತಿದ್ದಲಾರದು. ಸರ್ಕಾರಿ ಯೋಜನೆಗಳೆಲ್ಲ ಒಲೆಯ ಮೇಲೆ ಖರ್ಚು ಮಾಡಿದವು. ಕಟ್ಟಿಗೆ ಒಣಗಿಸಲು ಮನೆಗೊಂದು ತಗಡಿನ ಚಪ್ಪರ ಕೊಡಬೇಕೆಂದು ಯಾರಿಗೂ ಅನ್ನಿಸಿದಂತಿಲ್ಲ.

ನೀರು ಮರದಲ್ಲಿ ಎರಡು ಬಗೆಯಲ್ಲಿ ಕೂತಿರುತ್ತದೆ. ಮರದ ಜೀವಕೋಶಗಳು ಉದ್ದನೆಯ ಪೊಳ್ಳು ನಳಿಗೆಗಳು. ಪೊಳ್ಳಿನಲ್ಲಿ ತುಂಬಿಕೊಂಡದ್ದು ಬಿಡಿ ನೀರು, ನಳಿಗೆಯ ಗೋಡೆಯೊಳಗೆ ಹಿಡಿದುಕೊಂಡದ್ದು ಕಟ್ಟು ನೀರು. ತೊಯ್ದ ಪಂಚೆಯನ್ನು ಹಿಂಡಿದಾಗ ಸುರಿಯುವುದು ಮೊದಲನೆಯದರಂತೆ. ಹಿಂಡಿದ ಮೇಲೂ ಬಟ್ಟೆಯಲ್ಲಿ ಉಳಿಯುವ ತೇವ ಎರಡನೆಯದರಂತೆ. ಬಿಡಿ ನೀರು ಬೇಗ ಹೋಗುತ್ತದೆ. ಅದೆಲ್ಲ ಹೋಗಿ ಗೋಡೆಗಳು ಮಾತ್ರ ನೆನೆದಿರುವ ಹಂತದಲ್ಲಿ 100 ಕಿಲೋ ಒಣ ಮರಕ್ಕೆ ಸುಮಾರು 30 ಕಿಲೋ ನೀರಿರುತ್ತದೆ. ಅಲ್ಲಿಂದ ಕೆಳಗೆ ಪ್ರತಿ ಕಿಲೋವನ್ನೂ ಮರ ಹಟ ಹಿಡಿದು ಬಿಡುತ್ತದೆ. ಬಿಡುವಾಗ ಕುಗ್ಗುತ್ತದೆ, ಬೆಳವಣಿಗೆಯ ಉಂಗುರದ ಗುಂಟ ಹೆಚ್ಚು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಅದರ ಅರ್ಧದಷ್ಟು. ಈ ಎಳೆದಾಟಕ್ಕೆ ದಿಂಡಿನ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕು ಬೀಳುತ್ತದೆ. ಬಿರುಕು ಕಂಡಿತೆಂದರೆ ತುದಿಯಲ್ಲಂತೂ ಬಿಡಿ ನೀರು ಮುಗಿದಿದೆ.

ಜಾಲಿ ಕಟ್ಟಿಗೆಯ ಖ್ಯಾತಿಯ ಗುಟ್ಟೂ ಇಲ್ಲಿದೆ. ನಳಿಗೆಯ ಗೋಡೆಯ ಸಾಂದ್ರತೆ ಎಲ್ಲ ಮರಗಳಲ್ಲೂ ಒಂದೇ, ನೀರಿನ ಒಂದೂವರೆ ಪಟ್ಟು. ಮರ ಭಾರವೋ ಹಗುರವೋ ಎಂಬುದು ಪೊಳ್ಳು ಎಷ್ಟಿದೆ ಎಂಬುದರ ಮೇಲೆ. ನೀರಿಗೆ ಹೋಲಿಸಿದರೆ 0.8ರಷ್ಟು ಸಾಂದ್ರವಾದ ಗಡಸು ಮರದಲ್ಲಿ 100 ಕಿಲೋ ಒಣ ಮರಕ್ಕೆ ಎಷ್ಟೇ ತುಂಬಿದರೂ 58 ಕಿಲೋ ನೀರು ಹಿಡಿಯುತ್ತದೆ, ಅಷ್ಟೇ. 0.4ರ ಹಗುರ ಮರದಲ್ಲಿ 183 ಕಿಲೋವರೆಗೆ ಜಾಗವಿದೆ. ನುಗ್ಗೆ, ಹಾಲವಾಣಗಳು ಹಸಿಯಲ್ಲಿ ಒಲೆಯನ್ನೇ ನಂದಿಸುತ್ತವೆ, ಬಳ್ಳಾರಿ ಜಾಲಿ ಅರೆಹಸಿಯಲ್ಲೂ ಹೇಗೋ ಹೊತ್ತಿಕೊಳ್ಳುತ್ತದೆ, ಕಾರಣ ಇಷ್ಟೇ. ಆದರೆ ಪೂರ್ತಿ ಒಣಗಿದ ಮೇಲೆ, ಕಿಲೋ ಲೆಕ್ಕದಲ್ಲಿ, ಜಾಲಿಗೂ ಮಾವಿಗೂ ಶಾಖದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಜಾಲಿಯ ಹೆಚ್ಚುಗಾರಿಕೆ ಗಟ್ಟಿ ಕೆಂಡದಲ್ಲಿ: ರಾತ್ರಿ ಬೂದಿ ಮುಚ್ಚಿಟ್ಟರೆ ಬೆಳಗಿಗೆ ಕೆದಕಿ ಮತ್ತೆ ಉರಿಸಬಹುದು. ಒಣ ಮಾವು ಅಗ್ಗಕ್ಕೆ ಸಿಕ್ಕರೆ ಬಚ್ಚಲೊಲೆಗೆ ಕಣ್ಣುಮುಚ್ಚಿ ತರಬಹುದು.

ನೀರು ಹೊರಬರುವ ದಾರಿ ಯಾವುದು ಎಂಬುದನ್ನು ಒಲೆಯೇ ತೋರಿಸುತ್ತದೆ. ಉದ್ದನೆಯ ಹಸಿ ಕೋಲಿನ ಒಂದು ತುದಿ ಉರಿಯಲ್ಲಿದ್ದಾಗ ಹೊರಗಿನ ತುದಿಯನ್ನು ನೋಡಿ. ಮೊದಲು ತೇವದ ಕಪ್ಪು ಕಲೆ, ಆಮೇಲೆ ಚುಂಯ್ ಎಂಬ ಸದ್ದು, ಕಡೆಗೆ ಕಡಿದ ಮುಖದ ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆಗಳ ನೊರೆ. ತೊಗಟೆಯ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಉರಿಯ ತುದಿಯಲ್ಲಿ ಹುಟ್ಟಿದ ಆವಿ ನಳಿಗೆಗಳ ಉದ್ದಕ್ಕೂ ನೀರನ್ನು ತಳ್ಳಿಕೊಂಡು ಬಂದು ಆಚೆ ತುದಿಯಲ್ಲಿ ಬಿಡುತ್ತದೆ. ಬೇರಿನಿಂದ ಎಲೆಗೆ ನೀರೇರುತ್ತಿದ್ದ ಹಾದಿ ಇದೇ. ಒಣಗುವಾಗಲೂ ಉದ್ದದ ದಿಕ್ಕಿನಲ್ಲಿ ನೀರಿನ ಓಟ ಅಡ್ಡ ದಿಕ್ಕಿಗಿಂತ ಹತ್ತು-ಹದಿನೈದು ಪಟ್ಟು ಜೋರು. ಹಾಗಾಗಿ ಮೊದಲ ಕೆಲಸ ಉದ್ದ ಕಡಿಮೆ ಮಾಡುವುದು, ಒಲೆಗೆ ಬೇಕಾದಷ್ಟು ತುಂಡು, ಒಂದಡಿ-ಒಂದೂವರೆ ಅಡಿ.

ಎರಡನೆಯದು ಸೀಳುವುದು. ಒಣಗಲು ಬೇಕಾದ ಕಾಲ ದಪ್ಪದ ಜತೆ ಹೆಚ್ಚುವುದಲ್ಲ, ಹೆಚ್ಚುಕಡಿಮೆ ದಪ್ಪದ ವರ್ಗದ ಜತೆ ಹೆಚ್ಚುತ್ತದೆ. ಎರಡು ಪಟ್ಟು ದಪ್ಪ ಎಂದರೆ ನಾಲ್ಕು ಪಟ್ಟು ಕಾಲ. ಎಂಟಂಗುಲದ ದುಂಡು ದಿಂಡನ್ನು ತೊಗಟೆ ಸಮೇತ ಅಂಗಳದಲ್ಲಿ ಉರುಳಿಸಿಬಿಟ್ಟರೆ ವರ್ಷ ಕಳೆದರೂ ನಡು ಹಸಿಯಾಗಿಯೇ ಇರಬಹುದು. ಮೂರು-ನಾಲ್ಕು ಅಂಗುಲಕ್ಕೆ ಸೀಳಿ ಒಟ್ಟಿದರೆ ನಮ್ಮ ಬೇಸಿಗೆಯ ಮೂರು ತಿಂಗಳು ಸಾಮಾನ್ಯವಾಗಿ ಸಾಕು. ಅಡ್ಡೆಯ ಯಜಮಾನರ ನಾಲ್ಕು ದಿನದಲ್ಲಿ ಒಣಗುವುದು ತೊಗಟೆ ಮಾತ್ರ. ನೀಲಗಿರಿಗೆ ಒಂದು ವಿಶೇಷ ಎಚ್ಚರಿಕೆ: ಅದನ್ನು ಹಸಿಯಲ್ಲೇ ಸೀಳಬೇಕು. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಣಗಿದ ಮೇಲೆ ಕೊಡಲಿ ಹಾಕಿದರೆ ಕೊಡಲಿ ಕಚ್ಚಿಕೊಳ್ಳುತ್ತದೆ, ಕಟ್ಟಿಗೆ ಒಡೆಯುವವನು ನಿಮ್ಮ ಮನೆತನದ ಬಗ್ಗೆ ಮಾತಾಡುತ್ತಾನೆ.

ಇನ್ನು ಎಲ್ಲಿ ಒಟ್ಟಬೇಕು ಎಂಬ ಪ್ರಶ್ನೆ. ಎಲ್ಲರ ಗಮನ ಬಿಸಿಲಿನ ಮೇಲೆ. ಬಿಸಿಲು ಬೇಕು, ಆದರೆ ನೀರನ್ನು ಹೊತ್ತೊಯ್ಯುವುದು ಗಾಳಿ. ಮರ ಸುತ್ತಲಿನ ಗಾಳಿಯ ತೇವದ ಜತೆ ಒಂದು ಒಪ್ಪಂದಕ್ಕೆ ಬಂದು ನಿಲ್ಲುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 30 ಇದ್ದರೆ 100 ಕಿಲೋ ಒಣ ಮರ ಕೊನೆಗೆ ಇಟ್ಟುಕೊಳ್ಳುವುದು ಸುಮಾರು 6 ಕಿಲೋ ನೀರು, 65 ಇದ್ದರೆ 12, 80ಕ್ಕೆ 16, 90ಕ್ಕೆ 20. ಧಾರವಾಡದಲ್ಲಿ ಫೆಬ್ರವರಿ-ಮಾರ್ಚ್‌ನ ಮಧ್ಯಾಹ್ನಗಳು ಮೊದಲ ಅಂಕಿಯ ಹತ್ತಿರ ಬರುತ್ತವೆ, ತುಟಿ ಒಡೆಯುವ ಕಾಲ. ಜುಲೈ ಕೊನೆಯ ಎರಡು ಅಂಕಿಗಳ ನಡುವೆ. ಒಟ್ಟುವವರಿಗೆ ಇದರಿಂದ ತಿಳಿಯಬೇಕಾದ್ದು: ಬೇಸಿಗೆಯಲ್ಲಿ ಒಣಗಿಸಿ ಸೂರಿನಡಿ ಇಟ್ಟ ಕಟ್ಟಿಗೆ ಮಳೆಗಾಲದ ತೇವ ಕುಡಿದರೂ 16-20ರ ಆಚೆ ಹೋಗುವುದಿಲ್ಲ, ಧಾರಾಳವಾಗಿ ಉರಿಯುತ್ತದೆ. ಜೂನ್‌ನಲ್ಲಿ ತಂದ ಹಸಿ ಕಟ್ಟಿಗೆಗಾದರೋ ನೀರು ಬಿಟ್ಟುಕೊಡಲು ಗಾಳಿಯಲ್ಲಿ ಜಾಗವೇ ಇರುವುದಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದ ಮರುದಿನ ನಸುಕಿನಲ್ಲಿ ಯಾರ ಮನೆಯ ಬಚ್ಚಲು ಹೊಗೆಯಾಡುತ್ತದೆಯೋ ಆ ಮನೆಯವರು ಕಟ್ಟಿಗೆ ತಂದದ್ದು ಮಳೆಗಾಲದಲ್ಲಿ ಎಂದು ಬರೆದುಕೊಳ್ಳಬಹುದು.

ಒಟ್ಟಿಲು ಗಾಳಿಗೆ ಅಡ್ಡಲಾಗಿರಬೇಕು. ಏಪ್ರಿಲ್-ಮೇ ತಿಂಗಳ ಸಂಜೆ ಇಲ್ಲಿ ಪಡುವಣ ಗಾಳಿ ಬೀಸುತ್ತದೆ, ಅದು ತುಂಡುಗಳ ನಡುವೆ ನುಸುಳಿ ಹೋಗಬೇಕು. ಗೋಡೆಗೆ ಒತ್ತಿ ಒಟ್ಟಿದರೆ ಹಿಂಬದಿ ಬೂಸು ಹಿಡಿಯುತ್ತದೆ. ಗೋಡೆಯಿಂದ ಗೇಣು ದೂರ ಬಿಡಬೇಕು. ಕೆಳಗೆ ಕಲ್ಲು, ಅದರ ಮೇಲೆ ಎರಡು ಅಡ್ಡ ತೊಲೆ. ನವಲಗುಂದದ ಕಡೆಯ ಎರಿ ಮಣ್ಣಿನ ಮೇಲೆ ನೇರವಾಗಿ ಒಟ್ಟಿದರಂತೂ ಒಂದು ಅಡ್ಡಮಳೆ ಬಿದ್ದರೆ ಸಾಕು, ಕೆಳಗಿನ ಸಾಲು ವಾರಗಟ್ಟಲೆ ನೀರು ಕುಡಿಯುತ್ತದೆ, ಒರಲಿ ಹತ್ತುತ್ತದೆ. ಮೇಲೆ ಪತ್ರಾಸಿನ ತಗಡು ಒಳ್ಳೆಯದು. ತಾಡಪತ್ರಿ ಆದರೂ ಸರಿ, ಆದರೆ ನೆತ್ತಿಗೆ ಮಾತ್ರ. ಪ್ರೀತಿಯಿಂದ ನಾಲ್ಕೂ ಕಡೆ ಸುತ್ತಿ ಹಗ್ಗ ಬಿಗಿಯುವವರಿದ್ದಾರೆ. ಒಳಗೆ ಮರ ಬಿಟ್ಟ ಆವಿ ರಾತ್ರಿ ಪ್ಲಾಸ್ಟಿಕ್ಕಿಗೆ ತಾಗಿ ಹನಿಯಾಗಿ ಮತ್ತೆ ಮರದ ಮೇಲೇ ಬೀಳುತ್ತದೆ. ಬರೀ ಅಡ್ಡಮಳೆಯಲ್ಲಿ ತೊಯ್ದ ಒಣ ಕಟ್ಟಿಗೆಗೆ ಹೆದರಬೇಕಿಲ್ಲ, ಆ ನೀರು ಮೇಲ್ಮೈಯದು, ಎರಡು ಬಿಸಿಲಿಗೆ ಹೋಗುತ್ತದೆ. ಮಿರಗ ಕೂಡುವ ಹೊತ್ತಿಗೆ, ಅಂದರೆ ಜೂನ್ ಮೊದಲ ವಾರದೊಳಗೆ, ಎಲ್ಲವೂ ಸೂರಿನಡಿ ಸೇರಿರಬೇಕು. ಎತ್ತುವಾಗ ಕೈ ನೋಡಿ ಇಡಿ. ಬೆಚ್ಚಗಿನ ಒಣ ಸಂದು ನಮ್ಮಂತೆಯೇ ಚೇಳಿಗೂ ಇಷ್ಟ.

ಒಣಗಿದೆಯೇ ಎಂದು ತಿಳಿಯಲು ಎರಡು ಸೀಳನ್ನು ತಾಡಿಸಿ ನೋಡುವುದು ಹಳೆಯ ವಿಧಾನ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ಧಪ್. ಈಗ ಎರಡು ಸೂಜಿಯ ತೇವಮಾಪಕವೂ ಪೇಟೆಯಲ್ಲಿ ಸಿಗುತ್ತದೆ. ಅದು ಅಳೆಯುವುದು ಸೂಜಿಗಳ ನಡುವಿನ ವಿದ್ಯುತ್ ನಿರೋಧವನ್ನು. ಮರ ಒಣಗಿದಂತೆ ನಿರೋಧ ವಿಪರೀತ ಏರುತ್ತದೆ. ಹೊರಮೈಗೆ ಚುಚ್ಚಿದರೆ ಅದು ಹೊರಮೈಯ ಸುದ್ದಿಯನ್ನಷ್ಟೇ ಹೇಳೀತು. ತುಂಡನ್ನು ಆಗಲೇ ಸೀಳಿ ಒಳಮುಖಕ್ಕೆ ಚುಚ್ಚಬೇಕು, 20ರ ಕೆಳಗಿದ್ದರೆ ಉರಿಸಬಹುದು. ಈ ಮಾಪಕ ತೋರಿಸುವುದು ಒಣ ಮರದ ತೂಕಕ್ಕೆ ಹೋಲಿಸಿದ ಶೇಕಡಾವಾರು. ನಾವು ತಕ್ಕಡಿಯ ಮುಂದೆ ಮಾಡಿದ 45ರ ಲೆಕ್ಕ ಒಟ್ಟು ತೂಕದ್ದು. ಎರಡನ್ನೂ ಕಲಸಿ ಜಗಳ ಆಡುವವರುಂಟು. ಮಾಪಕವಿಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ನಡುವಿನಿಂದ ತೆಗೆದ ಚಕ್ಕೆ 240 ಗ್ರಾಂ ಇದ್ದು, ಒಲೆಯ ದಂಡೆಯಲ್ಲಿ ಬಿಸಿಗೆ ಇಟ್ಟು ಇನ್ನು ಇಳಿಯದು ಎನ್ನುವಾಗ 180ಕ್ಕೆ ನಿಂತರೆ, ಹೋದ 60 ಗ್ರಾಂ ನೀರು ಒಟ್ಟು ತೂಕದ ಕಾಲು ಭಾಗ. ಇನ್ನೂ ಒಂದು ತಿಂಗಳು ಬಿಡಬೇಕು.

ಅತಿ ಒಣಗಿದ್ದಕ್ಕೂ ಅದರದೇ ತಕರಾರಿದೆ. ಹತ್ತಿ ಕಟಗಿ ತೆಳು, ಫೆಬ್ರವರಿ ಹೊತ್ತಿಗೆ ಹೊಲದಲ್ಲೇ ಗರಿಗರಿಯಾಗಿರುತ್ತದೆ. ಒಂದು ಹಿಡಿ ತುರುಕಿದರೆ ಭಗ್ಗೆಂದು ಎಲ್ಲ ಅನಿಲವನ್ನೂ ಒಮ್ಮೆಗೇ ಬಿಡುತ್ತದೆ, ಅಷ್ಟು ಗಾಳಿ ಒಲೆಯ ಬಾಯಿಗೆ ಬಾರದೆ ಕಪ್ಪು ಹೊಗೆ ಏಳುತ್ತದೆ. ಆದ್ದರಿಂದ ಬಲ್ಲ ಹೆಂಗಸರು ನಾಲ್ಕು ನಾಲ್ಕೇ ಕಡ್ಡಿ ಮುಂದೂಡುತ್ತಾರೆ. ಹಂಚಿನ ಅಗಲಕ್ಕೂ ಹರಡುವ ಆ ಉರಿ ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ್ದು. ಬೇಳೆ ಬೇಯಿಸಲು ಜಾಲಿಯ ತುಂಡು. ಹತ್ತಿ ಕಟಗಿಯ ಬಣವೆಯನ್ನು ಬೇಸಿಗೆಯಿಡೀ ಹೊಲದ ಬದುವಿನಲ್ಲಿ ಇಡಬೇಡಿ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಒಡೆಯದೆ ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳು ಮಲಗಿರುತ್ತದೆ, ಮುಂದಿನ ಹತ್ತಿಗೆ ಅಲ್ಲಿಂದಲೇ ಹೊರಡುತ್ತದೆ. ಒಣ ಇಂಧನ ಕೂಡಿಡಬೇಕೆಂಬ ಒಲೆಯ ಶಾಸ್ತ್ರಕ್ಕೂ ಹೊಲದ ಶಾಸ್ತ್ರಕ್ಕೂ ಇಲ್ಲಿ ಹೊಂದುವುದಿಲ್ಲ. ಕಾಯಿ ಕಿತ್ತುಹಾಕಿ ಕಟಗಿಯನ್ನಷ್ಟೇ ಮನೆಗೆ ತಂದು ಮುಂಗಾರಿಗೆ ಮೊದಲೇ ಉರಿಸಿ ಮುಗಿಸುವುದು ಎರಡಕ್ಕೂ ಒಪ್ಪುವ ದಾರಿ.

ಕೊಳ್ಳುವವರಿಗೆ ಉಳಿದಿರುವ ಪ್ರಶ್ನೆ ದರದ್ದು. “ಒಣಾ ಕಟಗೀನ ಬೇಕಂದ್ರ ರೇಟ್ ಬ್ಯಾರೆ ಆಗತೈತ್ರಿ” ಎಂದರೆ ಎಷ್ಟು ಹೆಚ್ಚು ಕೊಡಬಹುದು? 45 ಪಾಲು ನೀರಿರುವ ಒಂದು ಕಿಲೋ ಹಸಿ ನೀಲಗಿರಿಯಿಂದ, ಅದರ ನೀರನ್ನು ಓಡಿಸಿದ ಮೇಲೆ, ಕೈಗೆ ಸಿಗುವುದು ಸುಮಾರು 2,200 ಕಿಲೋಕ್ಯಾಲರಿ. ಚೆನ್ನಾಗಿ ಒಣಗಿದ ಒಂದು ಕಿಲೋದಿಂದ 3,950. ಹಸಿಗೆ ಕಿಲೋಗೆ 5 ರೂಪಾಯಿ ಹೇಳಿದರೆ ಒಣಗಿದ್ದಕ್ಕೆ 9 ಕೊಟ್ಟರೂ ನಷ್ಟವಿಲ್ಲ. ಹೊಗೆಯಲ್ಲಿ ಹೋಗುವುದು ಈ ಲೆಕ್ಕಕ್ಕೆ ಸೇರಿಲ್ಲ. ಅಷ್ಟು ಕೊಡಲು ಮನಸ್ಸಿಲ್ಲದವರು ಜನವರಿ ಕೊನೆಗೆ ಟ್ರ್ಯಾಕ್ಟರ್ ಟ್ರಾಲಿಯ ಲೆಕ್ಕದಲ್ಲಿ ಹಸಿ ಕಟ್ಟಿಗೆಯನ್ನೇ ಕೊಂಡು, ಆ ವಾರವೇ ಸೀಳಿಸಿ ಒಟ್ಟಲಿ. ಟ್ರಾಲಿಗೆ ಎಷ್ಟು ನೀರು ತುಂಬಿದೆ ಎಂದು ಯಾರೂ ತೂಗುವುದಿಲ್ಲ.